ನೋವು ಮಂಡಿಯಲ್ಲಿ, ರೋಗ ಸೊಂಟದಲ್ಲಿ

ಹನ್ನೆರಡು–ಹದಿಮೂರರ ಹುಡುಗ. ಮೈ ಕೊಂಚ ದಪ್ಪ. ಇಂದಿರಾನಗರದ ಯಾವುದೋ ಅಡ್ಡರಸ್ತೆಯಲ್ಲಿ ಸಂಜೆ ಕ್ರಿಕೆಟ್ ಆಡಿ ಬಂದವನು ‘ಅಮ್ಮಾ, ಮಂಡಿ ನೋಯ್ತಿದೆ’ ಎನ್ನುತ್ತಾನೆ. ಅಮ್ಮ ಎಣ್ಣೆ ತಿಕ್ಕುತ್ತಾರೆ. ‘ಬೆಳೆಯೋ ಮಕ್ಕಳಿಗೆ ಇದೆಲ್ಲ ಇದ್ದದ್ದೇ’ ಎಂದು ಅಜ್ಜಿಯ ಸಮಾಧಾನ. ‘ಟ್ಯೂಷನ್ ತಪ್ಪಿಸೋಕೆ ನೆಪ’ ಎಂದು ಅಪ್ಪನ ಗದರಿಕೆ. ಎರಡು ವಾರವಾದರೂ ಕುಂಟುವುದು ನಿಲ್ಲದಿದ್ದಾಗ ಮಂಡಿಯ ಎಕ್ಸ್-ರೇ. ಅದರಲ್ಲಿ ಏನೂ ಇಲ್ಲ! ಮನೆಯವರಿಗೆ ನೆಮ್ಮದಿ. ಹುಡುಗ ಮಾತ್ರ ಕುಂಟುತ್ತಲೇ ಇದ್ದಾನೆ.

ಈ ಚಿತ್ರ ಮೂಳೆ ತಜ್ಞರಿಗೆ ಹೊಸದಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಸೊಂಟದ ಕೀಲು ಕೆಟ್ಟಾಗ ಮಂಡಿಗೆ ಮದ್ದು ನಡೆದಿರುತ್ತದೆ. ಕಾರಣ ಸರಳ. ಸೊಂಟದ ಕೀಲಿಗೂ ಮಂಡಿಗೂ ಕೆಲವು ನರಗಳು ಒಂದೇ. ಕೆಟ್ಟದ್ದು ಮೇಲಿನ ಕೀಲಾದರೂ ಮಿದುಳು ನೋವನ್ನು ಕೆಳಗಿನ ಕೀಲಿನ ಲೆಕ್ಕಕ್ಕೆ ಬರೆದುಬಿಡುತ್ತದೆ.

ತೊಡೆಮೂಳೆಯ ತುದಿಯಲ್ಲಿ ಚೆಂಡಿನಂಥ ತಲೆಯಿದೆ. ಮಕ್ಕಳಲ್ಲಿ ಅದಕ್ಕೂ ಮೂಳೆಗೂ ನಡುವೆ ಮೃದ್ವಸ್ಥಿಯ ಒಂದು ತೆಳು ಪದರ. ಮೂಳೆ ಬೆಳೆಯುವುದೇ ಅಲ್ಲಿಂದ. ಹತ್ತರಿಂದ ಹದಿನಾರರ ವಯಸ್ಸಿನಲ್ಲಿ, ಅದರಲ್ಲೂ ತೂಕ ಹೆಚ್ಚಿರುವ ಮಕ್ಕಳಲ್ಲಿ, ಈ ಪದರ ಭಾರ ತಾಳದೆ ತಲೆ ಜಾರಬಹುದು. ಕೋನಿನ ಮೇಲಿಂದ ಐಸ್‌ಕ್ರೀಮ್ ಜಾರಿದ ಹಾಗೆ! ನಡೆಯುವಾಗ ಪಾದ ಹೊರಕ್ಕೆ ತಿರುಗುವುದು ಇದರ ಗುರುತು. ಜಾರಿದ್ದು ಗೊತ್ತಾದ ದಿನವೇ ಆ ಕಾಲಿನ ಮೇಲೆ ಭಾರ ಹಾಕುವುದನ್ನು ನಿಲ್ಲಿಸಬೇಕು. ಸಾಮಾನ್ಯವಾಗಿ ಒಂದು ಸ್ಕ್ರೂ ಹಾಕಿ, ತಲೆ ಇದ್ದಲ್ಲೇ ನಿಲ್ಲುವಂತೆ ಮಾಡುತ್ತಾರೆ. ತಡಮಾಡಿದರೆ ತಲೆಗೆ ರಕ್ತ ನಿಂತು, ಯೌವನದಲ್ಲೇ ಕೀಲು ಸವೆಯಬಹುದು.

ಇನ್ನೂ ಚಿಕ್ಕವರಲ್ಲಿ, ನಾಲ್ಕರಿಂದ ಎಂಟು ವರ್ಷದೊಳಗೆ ಹೆಚ್ಚಾಗಿ, ಕಾಣುವುದು ಪರ್ಥೆಸ್ ಕಾಯಿಲೆ. ಇಲ್ಲಿ ತಲೆ ಜಾರುವುದಿಲ್ಲ. ರಕ್ತ ಸಾಲದೆ ಮೆತ್ತಗಾಗಿ, ಚಪ್ಪಟೆಯಾಗುವ ಅಪಾಯವಿದೆ. ಅಮೆರಿಕದ ಲೆಗ್, ಫ್ರಾನ್ಸಿನ ಕಾಲ್ವೆ, ಜರ್ಮನಿಯ ಪರ್ಥೆಸ್ ಮೂವರೂ 1910ರಲ್ಲಿ ಬೇರೆ ಬೇರೆಯಾಗಿಯೇ ಇದನ್ನು ವಿವರಿಸಿದರು. ನಮ್ಮ ಕರಾವಳಿಗೂ ಇದಕ್ಕೂ ನಂಟಿದೆ. ಉಡುಪಿಯ ಸುತ್ತಮುತ್ತ ಇದು ಹೆಚ್ಚಿರುವುದನ್ನು ಮಣಿಪಾಲದ ಡಾ. ಬೆಂಜಮಿನ್ ಜೋಸೆಫ್ ಮತ್ತು ಸಂಗಡಿಗರು 1980ರ ದಶಕದಲ್ಲಿ ದಾಖಲಿಸಿದರು. ಆ ಭಾಗದ ಶಾಲಾಮಕ್ಕಳ ಪೌಷ್ಟಿಕತೆ ಸುಧಾರಿಸಿದ ಕಾಲದಲ್ಲೇ ಕಾಯಿಲೆಯೂ ಇಳಿದದ್ದನ್ನು ಮುಂದೆ ಅಲ್ಲಿನ ವೈದ್ಯರೇ ವರದಿ ಮಾಡಿದರು.

ಇನ್ನು ಬರೆಯುವ ಕೈಯ ಮಾತು. ತೊಡೆಮೂಳೆಯ ತಲೆಯಂತೆಯೇ ರಕ್ತದ ದಾರಿ ಕಿರಿದಾಗಿರುವ ಒಂದು ಪುಟ್ಟ ಮೂಳೆ ಮಣಿಕಟ್ಟಿನಲ್ಲಿದೆ. ದೋಣಿಯ ಆಕಾರದ್ದು, ಹೆಸರು ಸ್ಕೇಫಾಯಿಡ್. ಸೈಕಲ್ಲಿನಿಂದಲೋ ಸ್ಕೇಟಿಂಗಿನಲ್ಲೋ ಬೀಳುವಾಗ ಅಂಗೈ ಊರಿದರೆ ಇದು ಸೀಳಬಹುದು. ಹೆಬ್ಬೆರಳನ್ನು ಎತ್ತಿ ಹಿಡಿದಾಗ ಅದರ ಬುಡದಲ್ಲಿ ಸಣ್ಣ ಕುಳಿ ಕಾಣುತ್ತದಲ್ಲ, ಅಲ್ಲಿ ಒತ್ತಿದರೆ ನೋವು. ಮೊದಲ ಎಕ್ಸ್-ರೇಯಲ್ಲಿ ಸೀಳು ಕಾಣದೆಯೂ ಇರಬಹುದು. ಅದಕ್ಕೇ ಕೈಯನ್ನು ಅಲುಗದಂತೆ ಕಟ್ಟಿಟ್ಟು, ಸುಮಾರು ಎರಡು ವಾರದ ನಂತರ ಮತ್ತೊಮ್ಮೆ ನೋಡುತ್ತಾರೆ. ‘ಬರೀ ಉಳುಕು’ ಎಂದು ನೀವಿಸಿ, ಬಿಗಿದು ಕಟ್ಟಿಸಿ ಸುಮ್ಮನಾದರೆ ಮೂಳೆ ಕೂಡದೆ ಉಳಿದು, ಮಣಿಕಟ್ಟಿನ ಬಲವೇ ಕುಗ್ಗೀತು.

ವಿದ್ಯಾರ್ಥಿಗಳೇ, ತಂಡದಿಂದ ಹೊರಗಿಟ್ಟಾರೆಂದು ನೋವನ್ನು ಮುಚ್ಚಿಡಬೇಡಿ. ತಂದೆ ತಾಯಂದಿರೇ, ಮಗು ಕುಂಟಿದರೆ ಮಂಡಿಯ ಜೊತೆ ಸೊಂಟವನ್ನೂ ಪರೀಕ್ಷಿಸಲು ವೈದ್ಯರನ್ನು ಕೇಳಿ. ಕಾಲೂರಲು ಆಗದಿದ್ದರೆ, ಜ್ವರವೂ ಇದ್ದರೆ ಅಂದೇ ಹೊರಡಿ. ಇಂದಿರಾನಗರದವರಿಗೆ ಸರ್ಕಾರಿ ಸಿ.ವಿ. ರಾಮನ್ ಆಸ್ಪತ್ರೆಯಾಗಲಿ ಶಿವಾಜಿನಗರದ ಬೌರಿಂಗ್ ಆಗಲಿ ದೂರವಲ್ಲ.

ಮೂಳೆ ವೈದ್ಯಕ್ಕೆ ಆರ್ಥೋಪೀಡಿಕ್ಸ್ ಎಂಬ ಹೆಸರು ಬಂದದ್ದು ಫ್ರಾನ್ಸಿನ ನಿಕೊಲಾ ಆಂದ್ರಿ 1741ರಲ್ಲಿ ಪ್ರಕಟಿಸಿದ ಪುಸ್ತಕದಿಂದ. ಗ್ರೀಕಿನಲ್ಲಿ ‘ನೆಟ್ಟಗೆ’ ಮತ್ತು ‘ಮಗು’ ಎಂಬೆರಡು ಪದಗಳನ್ನು ಕೂಡಿಸಿ ಅವನು ಆ ಹೆಸರು ಕಟ್ಟಿದ. ಪುಸ್ತಕ ಬರೆದದ್ದು ವೈದ್ಯರಿಗಲ್ಲ, ತಂದೆ ತಾಯಂದಿರಿಗೆ. ಮಗುವಿನ ನಡಿಗೆಯನ್ನು ದಿನವೂ ಕಾಣುವವರು ಅವರೇ ತಾನೆ?