ಟ್ರೇಲರಿನ ತೂಕಕ್ಕೆ ಚೀಟಿ ಇದೆ, ಮೇಲೆ ಕೂತ ಕೂಲಿಯವರಿಗೆ ಏನಿದೆ?



ಕಬ್ಬಿನ ಸೀಸನ್ನಿನಾಗ ಮಾಗಳದಿಂದ ಹಡಗಲಿ ಕಡೆ ಹೋಗೋ ರಸ್ತೆಯಲ್ಲಿ ಒಂದು ಸಂಜೆ ನಿಂತು ನೋಡ್ರಿ. ಒಂದು ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೇಲರ್, ಎರಡೂ ಬದಿಗೆ ಚಾಚಿಕೊಂಡ ಕಬ್ಬು. ಎಷ್ಟೋ ಟ್ರೇಲರಿಗೆ ಹಿಂದೆ ಲೈಟಿಲ್ಲ, ರಿಫ್ಲೆಕ್ಟರೂ ಇಲ್ಲ. ಬೆಳಗ್ಗೆ ಅಂಥದೇ ಟ್ರೇಲರಿನಾಗ ನಮ್ಮ ಹೆಣ್ಮಕ್ಕಳು ಕುಡುಗೋಲು, ಬುತ್ತಿ ಹಿಡ್ಕೊಂಡು ಹೊಲಕ್ಕೆ ಹೋಗಿರ್ತಾರೆ. ಟ್ರ್ಯಾಕ್ಟರ್ ಯಾರದು, ಹಿಂದೆ ನಿಂತವರು ಯಾವ ಕೇರಿಯವರು, ಯಾವ ತಾಂಡಾದವರು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಅಪಘಾತ ಆದರೆ ಪೇಪರಿನಾಗ ಬರೋದು ಒಂದೇ ಸಾಲು: ಚಾಲಕನ ನಿಯಂತ್ರಣ ತಪ್ಪಿ ಪಲ್ಟಿ. ನಿಯಂತ್ರಣ ಹೇಗೆ ತಪ್ಪುತ್ತೆ ಅಂತ ಯಾರೂ ಬರೆಯಲ್ಲ. ಟ್ರ್ಯಾಕ್ಟರಿನ ತೂಕ ಸುಮಾರು ಎರಡು ಟನ್. ಹಿಂದಿನ ಹೇರು ಅದರ ಎಷ್ಟೋ ಪಟ್ಟು. ಬಹಳ ಟ್ರೇಲರಿಗೆ ಬ್ರೇಕೇ ಇರಲ್ಲ. ಇಳಿಜಾರಿನಾಗ ಡ್ರೈವರ್ ಬ್ರೇಕ್ ಒತ್ತಿದರೆ ಟ್ರ್ಯಾಕ್ಟರ್ ನಿಲ್ಲಕ್ಕೆ ನೋಡುತ್ತೆ, ಟ್ರೇಲರ್ ಹಿಂದಿನಿಂದ ನೂಕುತ್ತೆ, ನೂಕಿ ಅಡ್ಡ ತಿರುಗಿಸುತ್ತೆ. ಏರಿನಾಗ ಮುಂದಿನ ಗಾಲಿ ಮೇಲೇಳುತ್ತೆ. ಇದು ವಿಧಿಯಲ್ಲ, ತೂಕ. ಪಿಕಪ್ ಕಥೆಯೂ ಇದೇ. ಟಾಟಾ ಏಸ್ ಹೊರೋದು ಮುಕ್ಕಾಲು ಟನ್ ಆಸುಪಾಸು. ಅದರಾಗ ಮೂವತ್ತು ಜನ ನಿಂತರೆ ತೂಕದ ಮಿತಿ ಅಲ್ಲಿಗೇ ಮುಗೀತು, ಮೇಲೆ ಪಾತ್ರೆ ಪಗಡ, ಜ್ವಾಳದ ಚೀಲ ಬೇರೆ.

ಕಾನೂನು ಇಲ್ಲ ಅನ್ನಬೇಡ್ರಿ. ಮೋಟಾರು ವಾಹನ ಕಾಯ್ದೆ 1988ರ 113ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ಮೀರಿ ವಾಹನವಾಗಲಿ ಟ್ರೇಲರಾಗಲಿ ಓಡಿಸಂಗಿಲ್ಲ. 2019ರ ತಿದ್ದುಪಡಿ ಆದ ಮೇಲೆ 194ನೇ ಕಲಂ ಅಡಿ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಹೆಚ್ಚಿನ ಹೇರು ಇಳಿಸೋ ತನಕ ಗಾಡಿ ಬಿಡಂಗಿಲ್ಲ. ಆ ಕಲಂ ಓಡಿಸಿದವನನ್ನಷ್ಟೇ ಹಿಡಿಯಲ್ಲ, ಓಡಿಸಲು ಬಿಟ್ಟವನನ್ನೂ, ಓಡಿಸುವಂತೆ ಮಾಡಿದವನನ್ನೂ ಹಿಡಿಯುತ್ತೆ. ಆದರೆ ಸಿಗೋನು ಯಾವಾಗಲೂ ಡ್ರೈವರ್, ಅವನೂ ಬಹಳ ಸಲ ನಮ್ಮ ಹುಡುಗನೇ.

ಸಾಕ್ಷಿ ಎಲ್ಲಿದೆ ಅಂತ ಕೇಳೋ ಸಾಹೇಬರಿಗೆ: ಕಾರ್ಖಾನೆ ಗೇಟಿನ ವೇಬ್ರಿಜ್ಜಿನಾಗ. ಪ್ರತಿ ಟ್ರಿಪ್ಪಿಗೂ ತೂಕ ಹಾಕ್ತಾರೆ, ಚೀಟಿ ಕೊಡ್ತಾರೆ, ಆ ಚೀಟಿ ಮೇಲೇ ಬಿಲ್ ಆಗುತ್ತೆ. ಆ ಚೀಟಿ ಪಕ್ಕ ಆರ್‌ಸಿ ಇಟ್ಟು ನೋಡಿದರೆ ಸಾಕು, ಮಿತಿ ಮೀರಿದ್ದು ಮುದ್ರಿಸಿದ ಅಕ್ಷರದಾಗ ಸಿಗುತ್ತೆ. ಹೆಲ್ಮೆಟ್ ಇಲ್ಲದ ಕೂಲಿ ಹುಡುಗನ್ನ ಹಿಡಿಯಕ್ಕೆ ಗಿಡದ ಮರೆಯಾಗ ನಿಲ್ಲೋರಿಗೆ ಈ ಚೀಟಿ ಓದಕ್ಕೆ ಬರಲ್ವಾ?

"ರೈತರಿಗೆ ತೊಂದರೆ ಕೊಡ್ತೀರಾ" ಅಂತ ಕೆಲವರು ಬರ್ತಾರೆ. ಸಣ್ಣ ರೈತನ ಮೇಲೆ ನನಗೇನೂ ಸಿಟ್ಟಿಲ್ಲ. ಸಾಗಾಣಿಕೆಗೆ ಟನ್ ಲೆಕ್ಕದಾಗ ರೇಟು ಕಟ್ಟಿ, ಎರಡು ಟ್ರಿಪ್ಪಿನ ಹೇರನ್ನ ಒಂದೇ ಟ್ರಿಪ್ಪಿಗೆ ತುಂಬಿಸೋ ಗುತ್ತಿಗೆಯ ಮೇಲೆ ಸಿಟ್ಟು.

ಇನ್ನೊಂದು ಮಾತು, "ಅವರೇ ಹತ್ತುತಾರೆ, ಬ್ಯಾಡ ಅಂದ್ರೂ ಕೇಳಲ್ಲ". ಬೆಳಗ್ಗೆ ಐದಕ್ಕೆ ಕೇರಿಗೆ ಬಸ್ ಬರುತ್ತಾ? ಹತ್ತಲ್ಲ ಅಂದ ಹೆಣ್ಮಗಳಿಗೆ ನಾಳೆ ಕೂಲಿ ಕೊಡ್ತೀರಾ? ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕಡೆಯಿಂದ ಮಂಡ್ಯಕ್ಕೆ ಕಬ್ಬು ಕಡಿಯಕ್ಕೆ, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗೋರು ಆಸೆಪಟ್ಟು ಗಾಡಿಯಾಗ ಒತ್ತಿ ಕೂರ್ತಾರಾ? 2022ರ ಆಗಸ್ಟಿನಾಗ ರಾಯಚೂರು ಕಡೆಯ ಕೂಲಿಯವರು ಬೆಂಗಳೂರಿಗೆ ಹೊರಟಿದ್ರು. ಶಿರಾ ಹತ್ತಿರ 9 ಜನ ಸತ್ತರು. ಎರಡು ದಿನ ಸಂತಾಪ, ಆಮೇಲೆ ಅದೇ ಗಾಡಿ, ಅದೇ ರಸ್ತೆ.

ಸತ್ತ ಮೇಲೂ ಬಿಡಲ್ಲ. ಸರಕು ವಾಹನದಾಗ ಪುಕ್ಕಟೆ ಹತ್ತಿದವರ ಹೊಣೆ ವಿಮಾ ಕಂಪನಿಗಿಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಆಶಾ ರಾಣಿ ಪ್ರಕರಣದಾಗ ಹೇಳಿದೆ. ಹಂಗಾಗಿ ಕಂಪನಿ ವಕೀಲ ಮೊದಲು ಎತ್ತೋ ಮಾತೇ ಇದು: ಟ್ರ್ಯಾಕ್ಟರಿಗೆ ಡ್ರೈವರ್ ಸೀಟು ಒಂದೇ, ಟ್ರೇಲರಿಗೆ ವಿಮೆಯೇ ಇಲ್ಲ, ಇವರ್ಯಾರು? ಕೂಲಿಗೆ ಕರೆದುಕೊಂಡು ಹೋದವರು ಅಂತ ಮಾಲೀಕ ಒಪ್ಪಲ್ಲ, ಹಾಜರಿ ಪುಸ್ತಕ ಇರಲ್ಲ. ಆ ತಾಯಿ ತನ್ನ ಮಗಳು ಕೂಲಿಯವಳು ಅಂತ ರುಜುವಾತು ಮಾಡಕ್ಕೆ ವರ್ಷಗಟ್ಟಲೆ ಕೋರ್ಟ್ ಮೆಟ್ಟಿಲು ಹತ್ತಬೇಕು.

ನಮ್ಮ ಸಂಘಟನೆಗಳಿಗೂ ಒಂದು ಮಾತು. ಬಾವಿ, ಗುಡಿ, ಹೋಟೆಲ್ ಪ್ರಶ್ನೆಗೆ ತಹಶೀಲ್ದಾರ್ ಕಚೇರಿ ಮುಂದೆ ಕೂರ್ತೀವಿ, ಕೂರಲೇಬೇಕು. ಟ್ರೇಲರಿನಾಗ ನಮ್ಮ ಜನರನ್ನ ಸರಕಿನಂಗೆ ತುಂಬೋದನ್ನ ಯಾಕೆ ಮನವಿ ಪತ್ರದಾಗ ಸೇರಿಸಲ್ಲ?

ಈ ಸೀಸನ್ನಿಗೆ ಇಷ್ಟು ಮಾಡೋಣ. ತೂಕದ ಚೀಟಿ, ಟ್ರ್ಯಾಕ್ಟರ್ ಟ್ರೇಲರ್ ಎರಡರ ನಂಬರ್, ದಿನಾಂಕ ಕಾಣೋ ಹಂಗೆ ಫೋಟೋ ತೆಗೀರಿ. ಡ್ರೈವರ್ ಮುಖ ಬ್ಯಾಡ. ಕೂಲಿಗೆ ಯಾರು ಕರೆದರು, ಎಷ್ಟು ಜನ ಹೋದರು ಅಂತ ಕೇರಿಯ ಓದಿದ ಹುಡುಗರು ದಿನಾ ಒಂದು ನೋಟ್‌ಬುಕ್ಕಿನಾಗ ಬರೆದಿಡ್ರಿ. ಆರ್‌ಟಿಒಗೂ ಕಾರ್ಮಿಕ ಇಲಾಖೆಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ತಗೊಳ್ರಿ. ಕೂಲಿಯವರನ್ನ ಒಯ್ಯಕ್ಕೆ ಸೀಟಿರೋ, ವಿಮೆ ಇರೋ ಗಾಡಿ ಕೆಲಸ ಕೊಡೋನೇ ಮಾಡಬೇಕು, ಬೆಳಗಿನ ಬಸ್ಸು ಸರ್ಕಾರ ಬಿಡಬೇಕು ಅಂತ ಅದರಲ್ಲೇ ಬರೀರಿ. ದೂರಿನ ನಮೂನೆ ಬೇಕಾದವರು ಕಾಮೆಂಟ್ ಹಾಕ್ರಿ, ಕಳಿಸ್ತೀನಿ.