ಪಣದ ಓಲೆ

ನಮ್ಮ ಬ್ಯಾಡಗಿಗೆ ನೆರೆಯ ತಾಲ್ಲೂಕಾದ ಹಿರೇಕೆರೂರಿನ ಅಬಲೂರಿನಲ್ಲಿ ಸೋಮೇಶ್ವರ ದೇವಾಲಯವಿದೆ. ಅಲ್ಲಿಯ ಸುಮಾರು ಕ್ರಿ.ಶ. 1200ರ ಶಿಲಾಶಾಸನವನ್ನು ಫ್ಲೀಟ್ ಸಾಹೇಬರು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಅದರಲ್ಲಿ ಬರುವ ಏಕಾಂತದ ರಾಮಯ್ಯನ ಶಿರಸ್ಸಿನ ಪವಾಡವನ್ನು ಪುರಾಣ ಪ್ರವಚನಗಳಲ್ಲಿ ಕೇಳದ ಶರಣ ಬಂಧುಗಳು ವಿರಳ. ಆದರೆ ಆ ಪ್ರಸಂಗದಲ್ಲಿ ಪವಾಡದ ಬೆರಗಿನಲ್ಲಿ ನಾವು ಮರೆಯುವ ಒಂದು ವಸ್ತುವಿದೆ. ಅದು ಓಲೆ.

ರಾಮಯ್ಯನಿಗೂ ಊರಿನ ಜೈನರಿಗೂ ದೇವರ ಹಿರಿಮೆಯ ಕುರಿತು ವಾದವುಂಟಾಯಿತು. ಅರಿದ ತಲೆಯನ್ನು ಶಿವನು ಮರಳಿ ಕೊಟ್ಟರೆ ಜಿನಬಿಂಬವನ್ನು ತೆಗೆದು ಶಿವನನ್ನು ನಿಲ್ಲಿಸುವೆವೆಂದು ಸಂಕಗಾವುಂಡ ಮೊದಲಾದವರು ಒಪ್ಪಿದರು. ರಾಮಯ್ಯನು ಬಾಯಿಮಾತನ್ನು ನೆಚ್ಚದೆ ಓಲೆ ಬರೆಯಿಸಿಕೊಂಡನು. ಏಳು ದಿನಗಳ ಮೇಲೆ ತಲೆ ಕೂಡಿತೆಂದು ಶಾಸನ ಹೇಳುತ್ತದೆ. ಸೋತವರು ಒಪ್ಪಂದಕ್ಕೆ ನಿಲ್ಲಲಿಲ್ಲ. ರಾಮಯ್ಯನು ತಾನೇ ಬಿಂಬವನ್ನು ಕೆಡವಿದನು. ದೂರು ಬಿಜ್ಜಳನ ಆಸ್ಥಾನಕ್ಕೆ ಹೋಯಿತು. ಅಲ್ಲಿ ರಾಮಯ್ಯನು ಓಲೆಯನ್ನು ತೋರಿಸಿ, ಇನ್ನೂ ಹೆಚ್ಚಿನ ಪಣವನ್ನು ಒಡ್ಡಿರಿ, ಮತ್ತೊಮ್ಮೆ ತಲೆಯನ್ನು ಅರಿದುಕೊಳ್ಳುವೆನೆಂದನು. ಎದುರಾಳಿಗಳು ಒಪ್ಪಲಿಲ್ಲ. ಬಿಜ್ಜಳನು ಜಯಪತ್ರವನ್ನು ಕೊಟ್ಟನು.

ಇದು ಗೆದ್ದವರು ಕೆತ್ತಿಸಿದ ಕಲ್ಲು ಎಂಬುದನ್ನು ನೆನಪಿನಲ್ಲಿಡಬೇಕು. ಜೈನ ಬಂಧುಗಳು ಕಥೆಯನ್ನು ಬೇರೆಯಾಗಿ ಹೇಳಿಯಾರು, ಒಂದು ಧರ್ಮದ ಬಿಂಬವನ್ನು ಪಣಕ್ಕಿಡುವುದೂ ಕೆಡಹುವುದೂ ಇಂದು ನಮಗೆ ಸಲ್ಲದು. ತಲೆಯನ್ನು ಒಡ್ಡುವುದಂತೂ ಅನುಕರಣೀಯವಲ್ಲ. ನಾವು ಎತ್ತಿಕೊಳ್ಳಬೇಕಾದುದು ಎರಡನೆಯ ಪಣದ ಮಾತನ್ನು. ಮೊದಲ ಪಣಕ್ಕೆ ಧೈರ್ಯವಾಗಿ ಒಪ್ಪಿದವರು ಪಣ ಹೆಚ್ಚಾದೊಡನೆ ಹಿಂದೆಗೆದರು. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1781ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ ಇದನ್ನೇ ಹೇಳಿದ್ದಾನೆ: ಒಂದು ಹೊನ್ನಿಗೆ ಪಣ ಕಟ್ಟುವವನು ಹತ್ತು ಹೊನ್ನು ಎಂದೊಡನೆ ಅಳುಕುತ್ತಾನೆ, ತಾನು ತಪ್ಪಿರಬಹುದೆಂಬುದು ಅವನಿಗೆ ಆಗ ಹೊಳೆಯುತ್ತದೆ.

ಪಣವೆಂದರೆ ಜೂಜೆಂದು ಹಿರಿಯರು ಹುಬ್ಬು ಗಂಟಿಕ್ಕಬಹುದು. ಧರ್ಮರಾಯನು ಕೆಟ್ಟುದು ತನ್ನದಲ್ಲದುದನ್ನೂ ಒಡ್ಡಿದ್ದರಿಂದ. ಹಣದಾಸೆಯ ಬಾಜಿಯನ್ನು ನಾವು ಸಮರ್ಥಿಸುತ್ತಿಲ್ಲ; 1872ರ ಕರಾರು ಕಾಯಿದೆಯ 30ನೆಯ ಕಲಮೂ ಅಂಥ ಕರಾರನ್ನು ಅನೂರ್ಜಿತವೆನ್ನುತ್ತದೆ. ನಾವು ಹೇಳುವ ಪಣ ತನ್ನ ನಂಬುಗೆಯ ತೂಕವನ್ನು ತಾನೇ ನೋಡಿಕೊಳ್ಳುವ ತಕ್ಕಡಿ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಈ ತಕ್ಕಡಿಯ ಅಗತ್ಯ ಪ್ರತಿವರ್ಷವೂ ಬೀಳುತ್ತದೆ. ‘ದೀಪಾವಳಿಗೆ ಧಾರಣೆ ಏರಿಯೇ ಏರುತ್ತದೆ’ ಎನ್ನದ ರೈತನಿಲ್ಲ. ಆ ಮಾತಿನ ಬಲದಿಂದ ಚೀಲಗಳು ಕೋಲ್ಡ್ ಸ್ಟೋರೇಜಿಗೆ ಹೋಗುತ್ತವೆ, ಬಾಡಿಗೆ ಏರುತ್ತದೆ, ಸಾಲದ ಬಡ್ಡಿಯೂ ಏರುತ್ತದೆ. ಧಾರಣೆ ಕುಸಿದಾಗ ಏನಾಗುತ್ತದೆಂಬುದನ್ನು 2024ರ ಮಾರ್ಚಿನಲ್ಲಿ, ರೊಚ್ಚಿಗೆದ್ದವರು ಮಾರುಕಟ್ಟೆ ಸಮಿತಿಯ ಕಚೇರಿಗೇ ಬೆಂಕಿಯಿಟ್ಟಾಗ, ಎಲ್ಲರೂ ಕಂಡಿದ್ದೇವೆ.

ನಮಗೆ ಪರಿಚಿತವಾದ ಮನೆಯೊಂದರಲ್ಲಿ ಯಜಮಾನರು ಬೆಳೆದ ಮಾಲನ್ನೆಲ್ಲ ಇಡಲು ನಿಶ್ಚಯಿಸಿದ್ದರು. ನೂರಕ್ಕೆ ನೂರು ಖಾತ್ರಿಯೆಂಬುದು ಅವರ ಮಾತು. ಮಗನು ವಾದಿಸಲಿಲ್ಲ. ‘ಯಪ್ಪಾ, ರೇಟು ಏರಲಿಲ್ಲಂದ್ರ ತಂಗಿ ಮದುವಿಗೆ ಮಾಡಿಸಿದ ಬಂಗಾರ ಒತ್ತಿ ಇಡ್ತೀರೇನು?’ ಎಂದಷ್ಟೇ ಕೇಳಿದನು. ಯಜಮಾನರು ಬಹಳ ಹೊತ್ತು ಸುಮ್ಮನೆ ಕುಳಿತರು. ಒಳಗಿನಿಂದ ತಾಯಿ ಬಂದು ಬಾಗಿಲಲ್ಲಿ ನಿಂತರು. ಕೊನೆಗೆ ಹತ್ತು ಚೀಲಕ್ಕೆ ಏಳರಂತೆ ಮಾರುವುದೆಂದೂ ಮೂರರಂತೆ ಇಡುವುದೆಂದೂ ತೀರ್ಮಾನವಾಯಿತು. ಅವರ ನಂಬುಗೆಯ ನಿಜವಾದ ಅಳತೆ ಅಷ್ಟೇ ಇತ್ತು. ನೂರೆಂಬುದು ನಾಲಗೆಯ ಮೇಲಿನ ಲೆಕ್ಕ.

ಅಪ್ಪ ಮಗ ಇಬ್ಬರೂ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಆ ದಿನದ ಧಾರಣೆ, ದೀಪಾವಳಿಗೆ ತಾವು ನಿರೀಕ್ಷಿಸುವ ಧಾರಣೆ, ತಾರೀಖು ಬರೆದು ರುಜು ಹಾಕಿದರು. ಸೋತವರು ಮಠದ ದಾಸೋಹಕ್ಕೆ ಒಂದು ಚೀಲ ಜೋಳವನ್ನು ಮುಟ್ಟಿಸಬೇಕೆಂಬ ಕರಾರನ್ನು ಸೇರಿಸಿದವರು ತಾಯಿ.