ನಾಣ್ಯ ಕೊಡುವ ಜಾಲತಾಣ ಮತ್ತು ಗಡಿನಾಡಿನ ಕನ್ನಡ ಬರಹ

ಹೋದ ವರ್ಷದ ಮಳೆಗಾಲದಲ್ಲಿ ಒಂದು ದಿನ ಪಂಪಯುಗದ ಪಾಠ ಮುಗಿದ ಮೇಲೆ ನಾರಾಯಣಖೇಡದ ಕಡೆಯ ವಿದ್ಯಾರ್ಥಿನಿಯೊಬ್ಬಳು ಬಾಗಿಲ ಬಳಿ ನಿಂತು ಕೇಳಿದಳು: “ಸರ್, ಬರದ್ರ ಕ್ರಿಪ್ಟೊ ನಾಣ್ಯ ಕೊಡೋ ಜಾಲತಾಣ ಅವಂತ್ರೀ. ಕನ್ನಡದಾಗ ಬರದ್ರೂ ರೊಕ್ಕ ಬರ್ತದೇನ್ರೀ?” ಸುತ್ತಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದಾಗ ಬೀದರ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ವೃತ್ತವೊಂದನ್ನು ಬಿಟ್ಟು ಉಳಿದ ಜಹೀರಾಬಾದ ತಾಲ್ಲೂಕು, ಗುಲಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಜಹೀರಾಬಾದ, ನಾರಾಯಣಖೇಡಗಳು ಇಂದು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ. ತಾಂಡೂರು ವಿಕಾರಾಬಾದ ಜಿಲ್ಲೆಯಲ್ಲಿದೆ. ಆ ಭಾಗದ ಅನೇಕ ಮನೆಗಳಲ್ಲಿ ಇಂದಿಗೂ ಅಡುಗೆಮನೆಯ ಮಾತು ಕನ್ನಡ, ಶಾಲೆಯ ಮಾತು ತೆಲುಗು, ಸಂತೆಯ ಮಾತು ಉರ್ದು; ಕೆಲವೆಡೆ ಮರಾಠಿಯೂ ಸೇರುತ್ತದೆ. ಅಂಥ ಮನೆಯಿಂದ ಬಂದು ಐಚ್ಛಿಕ ಕನ್ನಡವನ್ನು ಆಯ್ದುಕೊಂಡವರಿಗೆ ನೆಂಟರಿಷ್ಟರು ಮೊದಲು ಕೇಳುವ ಪ್ರಶ್ನೆ, ಇದರಿಂದ ಬರುವುದೇನು ಎಂಬುದು. ಕನ್ನಡದಲ್ಲಿ ಬರೆದು ಒಂದು ರೂಪಾಯಿಯನ್ನಾದರೂ ಗಳಿಸಿ ಮನೆಯವರಿಗೆ ತೋರಿಸಬೇಕೆಂಬ ಆಸೆಯನ್ನು ನಗೆಯಲ್ಲಿ ತಳ್ಳಿಹಾಕುವುದು ಅನ್ಯಾಯ. ಆಕೆಗೆ ಅಂದು ಅರ್ಧ ಉತ್ತರ ಕೊಟ್ಟೆ: ರೊಕ್ಕ ಬರುತ್ತದೆ, ಆದರೆ ಅದನ್ನು ಕೊಡುವವನು ನಿನ್ನ ಓದುಗನಾಗಿರಬೇಕೆಂದಿಲ್ಲ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಂಥ ತಾಣಗಳಲ್ಲಿ ಮೊದಲು ಹೆಸರಾದದ್ದು ಸ್ಟೀಮಿಟ್. 2016ರಲ್ಲಿ ನೆಡ್ ಸ್ಕಾಟ್ ಮತ್ತು ಡ್ಯಾನ್ ಲಾರಿಮರ್ ಇದನ್ನು ಹುಟ್ಟುಹಾಕಿದರು. ಬರಹಗಾರ ಬರೆಯುತ್ತಾನೆ, ಬಳಕೆದಾರರು ಮತ ಹಾಕುತ್ತಾರೆ, ಏಳು ದಿನಗಳ ನಂತರ ಆ ಮತಗಳಿಗೆ ತಕ್ಕಂತೆ ಸ್ಟೀಮ್ ಎಂಬ ನಾಣ್ಯ ಸಂದಾಯವಾಗುತ್ತದೆ. ಜಾಹೀರಾತಿನ ಹಣವಲ್ಲ ಇದು. ಬ್ಲಾಕ್‌ಚೈನ್ ಎಂಬ ಸಾಮೂಹಿಕ ಲೆಕ್ಕದ ಪುಸ್ತಕವೇ ದಿನದಿನವೂ ಹೊಸ ನಾಣ್ಯಗಳನ್ನು ಸೃಷ್ಟಿಸಿ ಹಂಚುತ್ತದೆ. ಇಷ್ಟು ಕೇಳಿದರೆ ಇದೊಂದು ಪ್ರಜಾಪ್ರಭುತ್ವದಂತೆ ತೋರುತ್ತದೆ. ಆದರೆ ಎಲ್ಲರ ಮತವೂ ಸಮವಲ್ಲ. ಯಾರು ಹೆಚ್ಚು ನಾಣ್ಯವನ್ನು ಖಾತೆಯಲ್ಲಿ ಕಟ್ಟಿಟ್ಟಿರುವರೋ ಅವರ ಮತಕ್ಕೆ ಹೆಚ್ಚು ತೂಕ. ಬರಿಗೈಯ ನೂರು ಜನ ಮೆಚ್ಚಿದರೂ ಎರಡು ಸೆಂಟು ದಾಟದಿರಬಹುದು. ದಾಟದಿದ್ದರೆ ಏನೂ ಸಂದಾಯವಾಗದು. ದೊಡ್ಡ ಪಾಲಿನವನೊಬ್ಬ ಒಮ್ಮೆ ಗುಂಡಿ ಒತ್ತಿದರೆ ಹತ್ತಾರು ಡಾಲರ್ ಆಗಬಹುದು. ಅವನೇ ವಿರುದ್ಧ ಮತ ಹಾಕಿದರೆ ಬಂದದ್ದೂ ಇಳಿದುಹೋಗಬಹುದು. 2017ರ ಜೂನ್‌ವರೆಗಂತೂ ಒಂದು ಬರಹಕ್ಕೆ ಬಿದ್ದ ಮತಬಲ ಎರಡರಷ್ಟಾದರೆ ಪ್ರತಿಫಲ ನಾಲ್ಕರಷ್ಟಾಗುವ ಸೂತ್ರವಿತ್ತು. ಅದನ್ನು ಬದಲಿಸಿದ ಮೇಲೆ ನಾಣ್ಯ ಪಡೆದು ಮತ ಮಾರುವ ಯಂತ್ರಖಾತೆಗಳ ಹಾವಳಿ ಹೆಚ್ಚಿತು. 2019ರ ಆಗಸ್ಟ್‌ನಿಂದ ಪ್ರತಿಫಲದ ಅರ್ಧವನ್ನು ಬರೆದವನಿಗೂ ಉಳಿದರ್ಧವನ್ನು ಮತ ಹಾಕಿದವರಿಗೂ ಕೊಡುವ ನಿಯಮ ಬಂದಿತು. ಮೊದಲು ಬರೆದವನಿಗೆ ಮುಕ್ಕಾಲು ಪಾಲು ಸಿಗುತ್ತಿತ್ತು.

ಈ ವ್ಯವಸ್ಥೆಯಲ್ಲಿಯೂ ಗೆದ್ದವರಿದ್ದಾರೆ. ಅವರು ದಿನವೂ ಬರೆದರು, ತಮ್ಮದೇ ಛಾಯಾಚಿತ್ರ ಹಾಕಿದರು, ಬೇರೆಯವರ ಬರಹವನ್ನು ಓದಿ ಅರ್ಥವುಳ್ಳ ಪ್ರತಿಕ್ರಿಯೆ ಬರೆದರು, ಗಳಿಸಿದ್ದನ್ನು ಕೂಡಲೇ ಮಾರಿಕೊಳ್ಳದೆ ಖಾತೆಯಲ್ಲಿಯೇ ಕಟ್ಟಿಟ್ಟು ತಮ್ಮ ಮತದ ತೂಕ ಹೆಚ್ಚಿಸಿಕೊಂಡರು. ವೆನೆಜುವೆಲಾದಂಥ, ಹಣದ ಬೆಲೆ ಕುಸಿದ ದೇಶದಲ್ಲಿ ಇಲ್ಲಿನ ಕೆಲವೇ ಡಾಲರುಗಳು ಮನೆಗೆ ಆಸರೆಯಾದವು. ನಮ್ಮ ವಿದ್ಯಾರ್ಥಿಗಳು ಇವುಗಳಿಗಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಕೊರಿಯನ್ನರನ್ನು ಮತ್ತು ಬಂಗಾಳಿಗಳನ್ನು. ಸ್ಟೀಮಿಟ್‌ನ ಏರುಗಾಲದಲ್ಲಿ ಕೊರಿಯನ್ ಭಾಷೆಯ ಬರಹಗಳು ಇಂಗ್ಲಿಷಿನ ಹಂಗಿಲ್ಲದೆ ಗಳಿಸಿದವು. ನಾಣ್ಯದ ದೊಡ್ಡ ಪಾಲುದಾರರಲ್ಲಿ ಕೊರಿಯನ್ನರೇ ಅನೇಕರಿದ್ದರು, ಅವರು ತಮ್ಮ ಭಾಷೆಯನ್ನು ಓದಿ ಮತ ಹಾಕಿದರು. ಬಂಗಾಳಿಗಳು ‘ಆಮಾರ್ ಬಾಂಗ್ಲಾ ಬ್ಲಾಗ್’ ಎಂಬ ಸಮುದಾಯವನ್ನು ಕಟ್ಟಿಕೊಂಡರು. ಅಲ್ಲಿ ಬರೆಯುವುದು ಬಂಗಾಳಿಯಲ್ಲಿ. ಹೊಸಬರಿಗೆ ನಿಯಮಗಳನ್ನು ಕಲಿಸಿ ಒಳಗೆ ಕರೆದುಕೊಳ್ಳುತ್ತಾರೆ. ಒಟ್ಟುಗೂಡಿಸಿದ ಪಾಲಿನ ಬಲದಿಂದ ಒಬ್ಬರನ್ನೊಬ್ಬರು ಎತ್ತಿಹಿಡಿಯುತ್ತಾರೆ. ಹಾಗೆ ನೋಡಿದರೆ ಈ ತಾಣಗಳಲ್ಲಿ ಭಾಷೆಗೆ ಬೆಲೆಯಿಲ್ಲವೆಂಬುದು ಸುಳ್ಳು. ಪಾಲುಳ್ಳ ಓದುಗರು ಯಾವ ಭಾಷೆಗಿರುವರೋ ಆ ಭಾಷೆಗೆ ಬೆಲೆಯಿದೆ.

ಕನ್ನಡಕ್ಕೆ ಅಂಥ ಓದುಗರ ಗುಂಪು ಅಲ್ಲಿ ಕಟ್ಟಿಲ್ಲ. ಇದರ ಪರಿಣಾಮವೇನೆಂಬುದನ್ನು ಆ ವಿದ್ಯಾರ್ಥಿನಿಯೇ ನನಗೆ ತೋರಿಸಿಕೊಟ್ಟಳು. ಎಳ್ಳ ಅಮಾವಾಸ್ಯೆಯ ಬಗ್ಗೆ ಆಕೆ ಎರಡು ಬರಹಗಳನ್ನು ಹಾಕಿದಳು, ಒಂದು ಕನ್ನಡದಲ್ಲಿ, ಒಂದು ಇಂಗ್ಲಿಷಿನಲ್ಲಿ. ಬೀದರ, ಕಲಬುರಗಿಗಳಂತೆ ಗಡಿಯಾಚೆಯ ಈ ಊರುಗಳಲ್ಲಿಯೂ ಆ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸುತ್ತಾರೆ. ಭಜ್ಜಿ, ಸಜ್ಜೆಯ ಕಡಬು, ಅಂಬಲಿಗಳ ಊಟವಾಗುತ್ತದೆ. ಬೆಳೆಯ ನಡುವೆ ಚರಗ ಚೆಲ್ಲುತ್ತಾರೆ. ಕನ್ನಡದ ಬರಹಕ್ಕೆ ಎಂಟು ಮತ ಬಿದ್ದವು, ಮೊತ್ತ ಎರಡು ಸೆಂಟನ್ನು ಮುಟ್ಟಲಿಲ್ಲ. ಇಂಗ್ಲಿಷಿನದಕ್ಕೆ ಒಂದು ಡಾಲರಿಗೆ ಸ್ವಲ್ಪ ಹೆಚ್ಚು ಬಂದಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದೆ. ಕನ್ನಡದಲ್ಲಿ ಅಜ್ಜಿ ಇದ್ದಳು, ಮೊಮ್ಮಗಳ ಕೈಗೆ ಮೊದಲ ಸಲ ಚರಗದ ಬುಟ್ಟಿ ಕೊಟ್ಟ ಸಡಗರವಿತ್ತು, ಬುಟ್ಟಿ ಹೊತ್ತವರು ಹಿಂತಿರುಗಿ ನೋಡಬಾರದೆಂದು ಅಜ್ಜಿ ಗದರಿಸಿದ ಮಾತಿತ್ತು. ಇಂಗ್ಲಿಷಿನಲ್ಲಿ ಚರಗವು ಹೊಲದಲ್ಲಿ ಆಹಾರ ಎರಚುವ ಒಂದು ಆಚರಣೆಯಾಗಿತ್ತು. ಅಜ್ಜಿಯ ಜಾಗದಲ್ಲಿ ಭಾರತದ ಗ್ರಾಮೀಣ ಸಂಸ್ಕೃತಿಯ ಕುರಿತು ಎರಡು ವಾಕ್ಯಗಳಿದ್ದವು. ಆಕೆಯ ಇಂಗ್ಲಿಷ್ ಕೆಟ್ಟದ್ದೇನಲ್ಲ. ಗೊತ್ತಿಲ್ಲದವನಿಗೆ ಗೊತ್ತುಮಾಡಿಸುವ ಅವಸರದಲ್ಲಿ ಗೊತ್ತಿದ್ದವನಿಗೆ ಮಾತ್ರ ಹೇಳಬಹುದಾದದ್ದು ಕೈಬಿಟ್ಟುಹೋಗಿತ್ತು, ಅಷ್ಟೆ. ಆ ಒಂದು ಡಾಲರು ಅದಕ್ಕೆ ಬಂದ ಬೆಲೆ. ಬಡ ಮನೆಯ ಹುಡುಗಿಗೆ ಡಾಲರು ಬೇಡವೆನ್ನುವ ಹಕ್ಕು ನನಗಿಲ್ಲ. ಆದರೆ ಹತ್ತು ಸಲ ಹೀಗಾದರೆ ಹನ್ನೊಂದನೆಯ ಸಲ ಕನ್ನಡದ ಕರಡನ್ನೇ ಆಕೆ ಬರೆಯಲಾರಳು ಎಂಬ ಭಯ ನನಗಿದೆ.

ಬರಹಕ್ಕೆ ಪ್ರತಿಫಲ ಪಡೆಯುವುದು ನಮ್ಮ ಸಾಹಿತ್ಯಕ್ಕೆ ಹೊಸದಲ್ಲ ಎಂಬ ವಾದವನ್ನು ತರಗತಿಯಲ್ಲಿ ಕೇಳಿದ್ದೇನೆ. ವೇಮುಲವಾಡದ ಅರಿಕೇಸರಿ ಪಂಪನಿಗೆ ಧರ್ಮಪುರವೆಂಬ ಅಗ್ರಹಾರವನ್ನೇ ಕೊಟ್ಟನಲ್ಲ? ವೇಮುಲವಾಡವೂ ಇಂದಿನ ತೆಲಂಗಾಣದಲ್ಲೇ ಇದೆಯಲ್ಲ? ವಾದ ಚೆನ್ನಾಗಿದೆ. ಹಳಗನ್ನಡದ ಕವಿಗಳು ದಾನಿಗಳ ಆಸರೆಯಲ್ಲಿ ಬರೆದವರೇ. ಆದರೆ ಕೊಟ್ಟವನ ಆಸ್ಥಾನಕ್ಕೆ ಆ ಕಾವ್ಯದ ಭಾಷೆ ತಿಳಿದಿತ್ತು. ಅತ್ತಿಮಬ್ಬೆಯನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಆಕೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅಂದರೆ ತನ್ನ ಸಂಪತ್ತನ್ನು ಓದುಗರನ್ನು ಉಂಟುಮಾಡುವುದಕ್ಕೆ ಬಳಸಿದಳು. ಮತ ಹಾಕಿದವನಿಗೂ ಅರ್ಧ ಪಾಲು ಕೊಡುವ ತಾಣದಲ್ಲಿ, ಓದದೆಯೇ ಮತ ಹಾಕುವುದು ಲಾಭದ ಕೆಲಸವಾಗುತ್ತದೆ. ಮತಕ್ಕೆ ತಕ್ಕ ಬರಹ ಯಾವುದೆಂದು ಕಾದು ನೋಡುವ ಯಂತ್ರಗಳು ಅಲ್ಲಿವೆ. ಅವುಗಳಿಗೆ ರಗಳೆಯೂ ಒಂದೇ, ರಶೀದಿಯೂ ಒಂದೇ.

ಆಸ್ಥಾನಗಳು ಬಿದ್ದಂತೆ ಇವೂ ಬೀಳುತ್ತವೆ. 2018ರ ಜನವರಿಯಲ್ಲಿ ಎಂಟು ಡಾಲರಿನ ಸಮೀಪ ಏರಿದ್ದ ಸ್ಟೀಮ್ ನಾಣ್ಯ ಆ ವರ್ಷದಲ್ಲೇ ನೆಲಕ್ಕಿಳಿಯಿತು. ನವೆಂಬರ್‌ನಲ್ಲಿ ಕಂಪನಿ ತನ್ನ ನೌಕರರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಜನರನ್ನು ತೆಗೆದುಹಾಕಿತು. 2020ರ ಫೆಬ್ರುವರಿಯಲ್ಲಿ ಟ್ರಾನ್ ಸಂಸ್ಥೆಯ ಜಸ್ಟಿನ್ ಸನ್ ಆ ಕಂಪನಿಯನ್ನು ಕೊಂಡರು. ಕಂಪನಿಯ ಕೈಯಲ್ಲಿದ್ದ ಭಾರೀ ಪಾಲು ತಾಣದ ಆಡಳಿತವನ್ನೇ ನುಂಗಬಹುದೆಂದು ಹೆದರಿದ ಹಳಬರು ಆ ಪಾಲನ್ನು ತಡೆಹಿಡಿದರು. ವಿನಿಮಯ ಕೇಂದ್ರಗಳು ಗ್ರಾಹಕರು ಇಟ್ಟಿದ್ದ ನಾಣ್ಯಗಳ ಬಲದಿಂದ ಮತ ಹಾಕಿ ಹಳಬರನ್ನು ಕೆಳಗಿಳಿಸಿದವು. ಕೊನೆಗೆ ಮಾರ್ಚ್ 20ರಂದು ಒಂದು ಬಣ ಬೇರೆಯಾಗಿ ಹೈವ್ ಎಂಬ ಹೊಸ ಸರಪಳಿಯನ್ನು ಆರಂಭಿಸಿತು. ಅಂದಿನವರೆಗಿನ ಬರಹಗಳು ಎರಡು ಕಡೆಯೂ ಉಳಿದವು. ತಮಗೆ ತಿಳಿಯದಂತೆಯೇ ಒಂದು ಮುಂಜಾನೆ ಬೇರೆ ಸೀಮೆಗೆ ಸೇರಿದ ಊರುಗಳ ಕಥೆ ಗಡಿನಾಡಿನವರಿಗೆ ಹೊಸತೇನಲ್ಲ.

ಆದರೂ ಈ ತಾಣಗಳಲ್ಲಿ ಒಂದು ಗುಣವುಂಟು, ಅದು ನನ್ನನ್ನು ಪೂರ್ಣವಾಗಿ ವಿರೋಧಿಯಾಗಲು ಬಿಡುವುದಿಲ್ಲ. ಬ್ಲಾಕ್‌ಚೈನಿನಲ್ಲಿ ಸೇರಿದ ಅಕ್ಷರವನ್ನು ಯಾರೂ ಅಳಿಸಲಾರರು. ತಿದ್ದಬಹುದು, ಆದರೆ ತಿದ್ದುವ ಮುಂಚಿನ ಪಾಠವೂ ಸರಪಳಿಯಲ್ಲಿ ಉಳಿದೇ ಇರುತ್ತದೆ. ಪಾಠಾಂತರಗಳ ನಡುವೆ ತಲೆಕೆಡಿಸಿಕೊಳ್ಳುವ ನಮಗೆ ಇದು ಶಾಸನವನ್ನು ನೆನಪಿಸದೆ ಇರದು. ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭನು ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಬರೆಯಿಸಿದನು. ಪಂಪನ ವಂಶ, ಅಗ್ರಹಾರಗಳ ವಿಷಯದಲ್ಲಿ ವಿದ್ವಾಂಸರಿಗೆ ಅದು ದೊಡ್ಡ ಆಧಾರ. ಮೂರು ಭಾಷೆಗಳ ನಡುವೆ ಬದುಕುವ ಇಂದಿನ ನಾರಾಯಣಖೇಡದ ಹುಡುಗಿಗೆ ಇದಕ್ಕಿಂತ ಹತ್ತಿರದ ಪೂರ್ವಿಕನನ್ನು ನಾನು ಹುಡುಕಿಕೊಡಲಾರೆ. ಒಂದು ಎಚ್ಚರಿಕೆ ಮಾತ್ರ: ಸರಪಳಿಯಲ್ಲಿ ಸೇರುವುದು ಅಕ್ಷರ ಮಾತ್ರ. ಚಿತ್ರಗಳು ಬೇರೆ ಸರ್ವರುಗಳಲ್ಲಿರುತ್ತವೆ, ಅವು ಕಣ್ಮರೆಯಾಗಬಹುದು. ಕಾಗುಣಿತದ ತಪ್ಪೂ, ಕದ್ದ ಸಾಲೂ ಸಹ ಅಳಿಯದೆ ಉಳಿಯುತ್ತವೆಂಬುದನ್ನು ನಿಯೋಜಿತ ಕಾರ್ಯವನ್ನು ಎಲ್ಲಿಂದಲೋ ನಕಲು ಮಾಡಿ ತರುವ ಮಿತ್ರರು ಗಮನಿಸಲಿ.

ವ್ಯವಹಾರದ ಸಂಗತಿಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಬರೆಯಲು ಆರಂಭಿಸುವುದಕ್ಕೆ ನಾಣ್ಯ ಕೊಳ್ಳಬೇಕಾಗಿಲ್ಲ. ಮೊದಲು ಹಣ ಹೂಡು, ಆಮೇಲೆ ಬರೆ ಎನ್ನುವವನಿಂದ ದೂರವಿರಿ. ಖಾತೆಗೆ ಒಂದಕ್ಕಿಂತ ಹೆಚ್ಚು ಕೀಲಿಗಳಿರುತ್ತವೆ. ದಿನದ ಬರಹಕ್ಕೆ ಇರುವ ಕೀಲಿಯನ್ನಷ್ಟೇ ಬಳಸಿ, ಒಡೆತನದ ಕೀಲಿಯನ್ನು ಕಾಗದದ ಮೇಲೆ ಬರೆದು ಮನೆಯಲ್ಲಿಡಿ. ಅದು ಕಳೆದರೆ ಮರಳಿ ಕೊಡಲು ಬ್ಯಾಂಕಿನ ಶಾಖೆಯೇನೂ ಇಲ್ಲ. ಹೈವ್‌ನಲ್ಲಿ ಕಟ್ಟಿಟ್ಟ ನಾಣ್ಯ ಬಿಡಿಸಿಕೊಳ್ಳಲು 13 ವಾರಗಳು ಬೇಕು. ಇಂಥ ನಾಣ್ಯಗಳನ್ನು ಮಾರಿ ಗಳಿಸಿದ ಲಾಭದ ಮೇಲೆ ನಮ್ಮಲ್ಲಿ 2022ರ ಏಪ್ರಿಲ್ 1ರಿಂದ ನೂರಕ್ಕೆ 30ರಷ್ಟು ತೆರಿಗೆಯಿದೆ. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಕಾಲೇಜು ಶುಲ್ಕ ಇದರಿಂದ ತುಂಬುವುದೆಂದು ಯಾರೂ ಮನೆಯಲ್ಲಿ ಮಾತು ಕೊಡಬಾರದು.

ಹಾಗಾದರೆ ಮಾಡುವುದೇನು? ಒಬ್ಬೊಬ್ಬರೇ ಹೋಗಬೇಡಿ ಎಂಬುದು ನನ್ನ ಅಭಿಪ್ರಾಯ. ಒಂಟಿಯಾಗಿ ಹೋದವರು ಮೂರನೆಯ ತಿಂಗಳಿಗೆ ಇಂಗ್ಲಿಷಿಗೆ ಹೊರಳುತ್ತಾರೆ ಅಥವಾ ಬಿಟ್ಟುಬಿಡುತ್ತಾರೆ. ಬಂಗಾಳಿಗಳ ದಾರಿಯೇ ನಮಗೂ ಇರುವ ದಾರಿ. ಜಹೀರಾಬಾದ, ನಾರಾಯಣಖೇಡ, ತಾಂಡೂರು ಕಡೆಯಿಂದ ಬರುವ ಐದಾರು ಜನ ನಮ್ಮ ವಿಭಾಗದಲ್ಲಿದ್ದೀರಿ. ವಾರಕ್ಕೊಂದು ಬರಹ, ಕನ್ನಡದಲ್ಲಿಯೇ, ಒಬ್ಬರದ್ದನ್ನು ಇನ್ನಿಬ್ಬರು ಓದಿ ತಿದ್ದಿದ ಮೇಲೆ. ಮತ ಹಾಕುವುದು ಓದಿದ ಬರಹಕ್ಕೆ ಮಾತ್ರ. ಗೆಳೆತನಕ್ಕಾಗಿ ಮತ ಕೊಟ್ಟು ಪಡೆಯುವ ಸರಪಳಿಯನ್ನು ಆರಂಭಿಸಿದರೆ ನೀವೂ ಯಂತ್ರಗಳಾಗುತ್ತೀರಿ. ಬರುವ ಚೂರುಪಾರು ನಾಣ್ಯವನ್ನು ಮಾರದೆ ಕಟ್ಟಿಡಿ, ಮುಂದಿನ ವರ್ಷ ಬರುವ ಕನ್ನಡದ ಹುಡುಗನಿಗೆ ಮತದ ಬಲವಾಗಲಿ. ಕರಡಿನ ಪ್ರತಿ ವಿಭಾಗದ ಕಪಾಟಿನಲ್ಲಿಯೂ ಇರಲಿ. ಸರಪಳಿ ಎಷ್ಟೇ ಗಟ್ಟಿಯಾಗಿದ್ದರೂ ಕಾಗದದ ಮೇಲೆ ನನಗೆ ನಂಬಿಕೆ ಹೆಚ್ಚು.

ವಿಷಯಕ್ಕೆ ಬರವಿಲ್ಲ. ತಾಂಡೂರಿನ ಫರಸಿ ಕಲ್ಲನ್ನು ಎಬ್ಬಿಸುವವರು, ಸೀಳುವವರು, ನುಣುಪುಗೊಳಿಸುವವರು ಬಳಸುವ ಮಾತುಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಂಡರೆ ಒಂದು ಪದಕೋಶವಾದೀತು. ತೊಗರಿಯ ರಾಶಿಯ ಮಾತುಗಳು ಸೇಡಂನಲ್ಲಿ ಹೇಗಿವೆ, ತಾಂಡೂರಿನಲ್ಲಿ ಹೇಗಿವೆ? ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ, ತಾಂಡೂರಿನದಕ್ಕೆ 2022ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಬೇಳೆಗೆ ಸಿಕ್ಕ ಮಾನ್ಯತೆ ಅದರ ಸುತ್ತಲಿನ ಮಾತಿಗೆ ಇನ್ನೂ ಸಿಕ್ಕಿಲ್ಲ. ಝರಾಸಂಗಮದ ಕೇತಕಿ ಸಂಗಮೇಶ್ವರನ ಜಾತ್ರೆಗೆ ಗಡಿಯ ಎರಡೂ ಕಡೆಯ ಜನ ಬರುತ್ತಾರೆ. ಅಲ್ಲಿ ಅರ್ಧ ದಿನ ನಿಂತರೆ ಒಂದೇ ವಾಕ್ಯದೊಳಗೆ ಭಾಷೆ ಬದಲಾಗುವುದನ್ನು ಕಿವಿಯಾರೆ ಕೇಳಬಹುದು.

ಎಳ್ಳ ಅಮಾವಾಸ್ಯೆಯ ಆ ಕನ್ನಡ ಬರಹದ ಕೆಳಗೆ ಹತ್ತನೆಯ ದಿನ ಒಂದು ಪ್ರತಿಕ್ರಿಯೆ ಬಂದಿತ್ತು. ಅಫಜಲಪುರದ ಕಡೆಯವರೆಂದು ಹೇಳಿಕೊಂಡ ಯಾರೋ ಬರೆದಿದ್ದರು: “ನಮ್ಮಲ್ಲಿ ಚರಗ ಚೆಲ್ಲುವವರು ಮುಂದೆ, ನೀರು ಚಿಮುಕಿಸುವವರು ಹಿಂದೆ ನಡೆಯುತ್ತಾರೆ. ನಿಮ್ಮಲ್ಲಿ ನೀರು ಹಾಕುವವರು ಯಾರು?” ಏಳು ದಿನ ಮುಗಿದುಹೋಗಿದ್ದರಿಂದ ಆ ಬರಹಕ್ಕೆ ಇನ್ನು ನಾಣ್ಯ ಬರುವಂತಿರಲಿಲ್ಲ. ಆಕೆಗೂ ಉತ್ತರ ಗೊತ್ತಿರಲಿಲ್ಲ. ಆ ಶನಿವಾರ ಊರಿಗೆ ಹೋಗಿ ಅಜ್ಜಿಯನ್ನು ಕೇಳಿಕೊಂಡು ಬಂದು, ಒಂದೂವರೆ ಪುಟದ ಉತ್ತರ ಬರೆದಿದ್ದಾಳೆ.